ಲೋ-ಪ್ರೆಶರ್ ಚಿಲ್ಲರ್‌ನಲ್ಲಿ ಲೀಕ್ ಹುಡುಕುವುದು: ಬೆಂಗಳೂರಿನ ಪ್ಲಾಂಟ್ ರೂಮಿಗೆ ಬೇಕಾದ ಲೆಕ್ಕ

ಸ್ಪ್ಲಿಟ್ ಎಸಿಯಲ್ಲೋ ಸ್ಕ್ರೂ ಚಿಲ್ಲರ್‌ನಲ್ಲೋ ಲೀಕ್ ಆದರೆ ಗ್ಯಾಸ್ ಹೊರಗೆ ಹೋಗುತ್ತದೆ. ಜಾಯಿಂಟ್ ಸುತ್ತ ಎಣ್ಣೆಯ ಜಿಡ್ಡು ಕಾಣುತ್ತದೆ, ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಆರ್-11, ಆರ್-123, ಆರ್-514ಎ, ಆರ್-1233ಝಡ್‌ಡಿ ಎಂಬ ಲೋ-ಪ್ರೆಶರ್ ಗ್ಯಾಸ್ (ರೆಫ್ರಿಜರೆಂಟ್) ತುಂಬಿದ ಸೆಂಟ್ರಿಫ್ಯೂಗಲ್ ಚಿಲ್ಲರ್‌ಗಳಲ್ಲಿ, ಅಂದರೆ ದೊಡ್ಡ ಕಟ್ಟಡಗಳ ಎಸಿಗೆ ನೀರು ತಣ್ಣಗೆ ಮಾಡುವ ಯಂತ್ರಗಳಲ್ಲಿ, ಹಾಗಲ್ಲ. ಯಂತ್ರ ಓಡುವಾಗ ಇವಾಪೊರೇಟರ್ (ಗ್ಯಾಸ್ ಕುದಿದು ನೀರನ್ನು ತಣಿಸುವ ಶೆಲ್) ವ್ಯಾಕ್ಯೂಮ್‌ನಲ್ಲಿರುತ್ತದೆ, ಅಂದರೆ ಒಳಗಿನ ಪ್ರೆಶರ್ ಹೊರಗಿನ ಗಾಳಿಗಿಂತ ಕಡಿಮೆ. ಎಲ್ಲೋ ಒಂದು ಸಣ್ಣ ತೂತಿದ್ದರೆ ಹೊರಗಿನ ಗಾಳಿ, ಗಾಳಿಯ ಜೊತೆ ತೇವ, ಎರಡೂ ಒಳಗೆ ಬರುತ್ತವೆ. ಹೊರಗೆ ಜಿಡ್ಡೂ ಇಲ್ಲ, ಗುಳ್ಳೆಯೂ ಇಲ್ಲ. ಒಳಗೆ ಬಂದ ಗಾಳಿಯನ್ನು ಪರ್ಜ್ ಯೂನಿಟ್ ಹೊರಗೆ ತಳ್ಳುತ್ತದೆ, ಪ್ರತಿ ಸಲ ತಳ್ಳುವಾಗ ಒಂದಿಷ್ಟು ಗ್ಯಾಸ್ ಕೂಡ ಜೊತೆಗೆ ಹೋಗುತ್ತದೆ. ಹೊಸ ಪರ್ಜ್‌ಗಳಲ್ಲಿ ಈ ನಷ್ಟ ಅತ್ಯಲ್ಪ, ಹಳೆಯ ಮಾದರಿಗಳಲ್ಲಿ ಗಾಳಿಗಿಂತ ಗ್ಯಾಸೇ ಹೆಚ್ಚು ಹೋಗುವುದುಂಟು. ಅಂತೂ ಚಾರ್ಜ್ (ಯಂತ್ರದಲ್ಲಿ ತುಂಬಿದ ಗ್ಯಾಸ್) ಕಡಿಮೆಯಾಗಿದೆ ಎಂದು ಆಪರೇಟರ್‌ಗೆ ಗೊತ್ತಾಗುವ ಹೊತ್ತಿಗೆ ತಿಂಗಳುಗಟ್ಟಲೆ ಗಾಳಿ ಒಳಹೊಕ್ಕು, ತೇವ ಎಣ್ಣೆಗೆ ಸೇರಿ, ಆಸಿಡ್ ಕಟ್ಟಲು ಶುರುವಾಗಿರುತ್ತದೆ.

ಆರ್-123 ಎಚ್‌ಸಿಎಫ್‌ಸಿ ಗುಂಪಿನದು, ಅಂದರೆ ಓಜೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್. ಮಾಂಟ್ರಿಯಲ್ ಒಪ್ಪಂದದ ವೇಳಾಪಟ್ಟಿಯಂತೆ 2030ರಿಂದ 2040ರವರೆಗೆ ಸರ್ವಿಸ್‌ಗೆಂದು ಅತ್ಯಲ್ಪ ಪ್ರಮಾಣ ಮಾತ್ರ ಉಳಿಯುತ್ತದೆ. ಇರುವ ಚಾರ್ಜನ್ನು ಕಾಪಾಡಿಕೊಳ್ಳುವುದೇ ಇನ್ನು ಮುಂದಿನ ದಾರಿ.

ಗೇಜ್ ತಪ್ಪು ಹೇಳುವುದು ಎಲ್ಲಿ

ಲೀಕ್ ಹುಡುಕುವ ಮೊದಲು ಪ್ರೆಶರ್ ಸರಿಯಾಗಿ ಓದಬೇಕು. ಬೆಂಗಳೂರಿನಲ್ಲಿ ಈ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಲ್ಲಿ ವಾಯುಭಾರ 101.3 ಕಿಲೋಪಾಸ್ಕಲ್ ಆದರೆ ಇಲ್ಲಿ ಸುಮಾರು 91. ಹೈ-ಪ್ರೆಶರ್ ಯಂತ್ರದಲ್ಲಿ ಈ 10 ಕಿಲೋಪಾಸ್ಕಲ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಲೋ-ಪ್ರೆಶರ್ ಯಂತ್ರದಲ್ಲಿ ಇಡೀ ಲೆಕ್ಕವೇ ಅದರ ಮೇಲೆ ನಿಂತಿದೆ.

ಯಂತ್ರದ ಜೊತೆ ಬರುವ ಪ್ರೆಶರ್-ಟೆಂಪರೇಚರ್ ಚಾರ್ಟ್‌ನಲ್ಲಿ ಗೇಜ್ ಅಂಕಿಗಳೆಲ್ಲ ಸಮುದ್ರಮಟ್ಟಕ್ಕೆ ಬರೆದವು. ಆರ್-123 ಇವಾಪೊರೇಟರ್ 5 ಡಿಗ್ರಿಯಲ್ಲಿದ್ದರೆ ಚಾರ್ಟ್ ಸುಮಾರು 18 ಇಂಚು ವ್ಯಾಕ್ಯೂಮ್ ಎನ್ನುತ್ತದೆ. ಬೆಂಗಳೂರಿನ ಗೇಜ್ ಅದೇ ಆರೋಗ್ಯವಂತ ಯಂತ್ರದಲ್ಲಿ 15 ಇಂಚು ತೋರಿಸುತ್ತದೆ. ಕಂಡೆನ್ಸರ್ (ಆವಿ ಮತ್ತೆ ದ್ರವವಾಗುವ ಶೆಲ್) 37 ಡಿಗ್ರಿಯಲ್ಲಿದ್ದರೆ ಚಾರ್ಟ್‌ನಂತೆ ಐದೂವರೆ ಪಿಎಸ್‌ಐ ಚಿಲ್ಲರೆ ಇರಬೇಕು, ಇಲ್ಲಿನ ಗೇಜ್‌ನಲ್ಲಿ 7 ಕಾಣುತ್ತದೆ. ಎರಡೂ ಕಡೆ ಪ್ರೆಶರ್ ಜಾಸ್ತಿ ಕಂಡಿದ್ದರಿಂದ ‘ಗಾಳಿ ಸೇರಿದೆ’ ಎಂದು ತೀರ್ಮಾನಿಸಿ, ಇಲ್ಲದ ಲೀಕ್ ಹುಡುಕಲು ಯಂತ್ರ ನಿಲ್ಲಿಸಿಬಿಡುತ್ತಾರೆ. ಡಿಗ್ರಿಯ ಲೆಕ್ಕದಲ್ಲಿ ಇದು ಕಂಡೆನ್ಸರ್‌ನಲ್ಲಿ ಸುಮಾರು 2 ಡಿಗ್ರಿ ತಪ್ಪು.

ಹಾಗಾಗಿ ಗೇಜ್ ಅಂಕಿಗೆ 91 ಕಿಲೋಪಾಸ್ಕಲ್ ಸೇರಿಸಿ (ವ್ಯಾಕ್ಯೂಮ್ ಅಂಕಿಯಾದರೆ 91ರಿಂದ ಅದನ್ನು ಕಳೆದು) ಅಬ್ಸೊಲ್ಯೂಟ್‌ಗೆ, ಅಂದರೆ ಪರಿಪೂರ್ಣ ವ್ಯಾಕ್ಯೂಮನ್ನು ಸೊನ್ನೆಯಾಗಿ ಹಿಡಿದ ಅಳತೆಗೆ, ತಂದು ಮಾತಾಡುವುದು ಒಳ್ಳೆಯದು. 1 ಪಿಎಸ್‌ಐ ಎಂದರೆ 6.9 ಕಿಲೋಪಾಸ್ಕಲ್, ಪಾದರಸದ 1 ಇಂಚು ಎಂದರೆ 3.4 ಕಿಲೋಪಾಸ್ಕಲ್. ಆರ್-123ರ ಅಬ್ಸೊಲ್ಯೂಟ್ ಅಂಕಿಗಳನ್ನು ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿಡಿ:

5 ಡಿಗ್ರಿ – 41 ಕಿಲೋಪಾಸ್ಕಲ್
10 ಡಿಗ್ರಿ – 51
20 ಡಿಗ್ರಿ – 76
25 ಡಿಗ್ರಿ – 91
30 ಡಿಗ್ರಿ – 110
35 ಡಿಗ್ರಿ – 131
40 ಡಿಗ್ರಿ – 155

ಪಟ್ಟಿಯಲ್ಲಿ 25 ಡಿಗ್ರಿಯ ಸಾಲು ನೋಡಿ. ಪುಸ್ತಕದಲ್ಲಿ ಆರ್-123 ಕುದಿಯುವುದು 27.8 ಡಿಗ್ರಿಗೆ, ಬೆಂಗಳೂರಿನಲ್ಲಿ ಅದು 25ಕ್ಕೇ ಕುದಿಯುತ್ತದೆ. ಬೇಸ್‌ಮೆಂಟ್ ಪ್ಲಾಂಟ್ ರೂಮ್ 22 ಡಿಗ್ರಿಯಲ್ಲಿದ್ದರೆ ನಿಂತ ಯಂತ್ರವೂ ವ್ಯಾಕ್ಯೂಮ್‌ನಲ್ಲೇ ಇರುತ್ತದೆ. ಐಟಿ ಪಾರ್ಕ್‌ಗಳಲ್ಲಿ ವಾರವಿಡೀ ಸ್ಟ್ಯಾಂಡ್‌ಬೈ ಆಗಿ ನಿಲ್ಲುವ ಮೂರನೆಯ ಚಿಲ್ಲರ್ ಡಿಸೆಂಬರ್-ಜನವರಿಯಲ್ಲಿ ಹಗಲೂ ರಾತ್ರಿ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಓಡದ ಯಂತ್ರವಾದ್ದರಿಂದ ಅದರ ಲಾಗ್ ಯಾರೂ ನೋಡಿರುವುದಿಲ್ಲ. ಆರ್-1233ಝಡ್‌ಡಿ ಯಂತ್ರದ ಕಥೆ ಬೇರೆ. ಅದು ಸಮುದ್ರಮಟ್ಟದಲ್ಲೇ 18 ಡಿಗ್ರಿ ಚಿಲ್ಲರೆಗೆ ಕುದಿಯುವುದರಿಂದ ಇಲ್ಲಿ ನಿಂತಿರುವಾಗ ಬಹುತೇಕ ಪಾಸಿಟಿವ್ ಪ್ರೆಶರ್‌ನಲ್ಲಿರುತ್ತದೆ. ಓಡುವಾಗ ಇವಾಪೊರೇಟರ್ ಕಡೆಯಿಂದ ಗಾಳಿ ಒಳಗೆ, ನಿಂತಾಗ ಅದೇ ತೂತಿನಿಂದ ಗ್ಯಾಸ್ ಹೊರಗೆ.

ಕೆಲವು ಕಂಟ್ರೋಲರ್‌ಗಳಲ್ಲಿ ಸ್ಥಳೀಯ ವಾಯುಭಾರ ಹಾಕುವ ಸೆಟ್ಟಿಂಗ್ ಇರುತ್ತದೆ. ಕಮಿಷನಿಂಗ್ ದಿನ ಅದು ಫ್ಯಾಕ್ಟರಿ ಅಂಕಿಯಲ್ಲೇ ಉಳಿದಿದ್ದರೆ ಡಿಸ್‌ಪ್ಲೇಯಲ್ಲಿ ಬರುವ ಸ್ಯಾಚುರೇಶನ್ ಟೆಂಪರೇಚರ್ (ಆ ಪ್ರೆಶರ್‌ನಲ್ಲಿ ಗ್ಯಾಸ್ ಕುದಿಯುವ ಡಿಗ್ರಿ) ಎಲ್ಲವೂ ತಪ್ಪು. ಮೊದಲು ಅದನ್ನು ನೋಡಿ.

ಲೀಕ್ ಇದೆಯೇ, ಅಥವಾ ಟ್ಯೂಬ್‌ಗೆ ಸ್ಕೇಲ್ ಕಟ್ಟಿದೆಯೇ

ಮೊದಲ ಸಾಕ್ಷಿ ಪರ್ಜ್‌ನ ಪಂಪ್-ಔಟ್ ನಿಮಿಷಗಳು. ದಿನಕ್ಕೆ ಎಷ್ಟು ನಿಮಿಷ ಎಂಬುದಕ್ಕೆ ಎಲ್ಲ ಯಂತ್ರಕ್ಕೂ ಒಂದೇ ಅಂಕಿಯಿಲ್ಲ. ಲೀಕ್ ಟೆಸ್ಟ್ ಮುಗಿದು ಯಂತ್ರ ಬಿಗಿಯಾಗಿದ್ದಾಗ ಬಂದ ಅಂಕಿಯೇ ಅಳತೆಗೋಲು. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಎಲ್ಲೋ ತೆರೆದುಕೊಂಡಿದೆ ಎಂದರ್ಥ. ಇಲ್ಲಿ ಒಂದು ಎಚ್ಚರಿಕೆ: ಪರ್ಜ್ ಹೆಚ್ಚು ಓಡುತ್ತಿದೆ ಎಂದು ಆಪರೇಟರ್ ಅದನ್ನು ಆಫ್ ಮಾಡಿಟ್ಟಿರುವುದು ಅಪರೂಪವೇನಲ್ಲ. ಲಾಗ್‌ನಲ್ಲಿ ಸೊನ್ನೆ ಕಂಡರೆ ಸಮಾಧಾನಪಡುವ ಮೊದಲು ಸ್ವಿಚ್ ನೋಡಿ.

ಎರಡನೆಯದು ಕಂಡೆನ್ಸರ್. ಒಳಬಂದ ಗಾಳಿ ಕಂಪ್ರೆಸರ್ ಮೂಲಕ ಹಾದು ಕಂಡೆನ್ಸರ್ ಶೆಲ್‌ನಲ್ಲಿ ಸೇರಿಕೊಳ್ಳುತ್ತದೆ. ಕೆಳಗೆ ದ್ರವದ ಸೀಲ್ ಇರುವುದರಿಂದ ಮುಂದೆ ಹೋಗಲಾರದು. ಆಗ ಹೆಡ್ ಪ್ರೆಶರ್ ಏರುತ್ತದೆ, ಅಪ್ರೋಚ್ (ಪ್ರೆಶರ್‌ನಿಂದ ಬಂದ ಡಿಗ್ರಿಗೂ ಹೊರಹೋಗುವ ನೀರಿನ ಡಿಗ್ರಿಗೂ ಇರುವ ಅಂತರ) ಹೆಚ್ಚುತ್ತದೆ, ಆಂಪಿಯರ್ ಏರುತ್ತದೆ, ಕೊನೆಗೆ ಸರ್ಜ್ ಹೊಡೆಯುತ್ತದೆ, ಅಂದರೆ ಕಂಪ್ರೆಸರ್‌ನಲ್ಲಿ ಆವಿ ಹಿಂದಕ್ಕೆ ನುಗ್ಗುತ್ತದೆ. ತೊಂದರೆ ಏನೆಂದರೆ ಟ್ಯೂಬ್‌ಗೆ ಸ್ಕೇಲ್ (ಗಡಸು ನೀರಿನ ಉಪ್ಪಿನ ಪದರ) ಕಟ್ಟಿದರೂ ಇದೇ ಲಕ್ಷಣಗಳು. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಕೂಲಿಂಗ್ ಟವರ್‌ಗೆ ಹೋಗುವ ಊರಿನಲ್ಲಿ ಎಲ್ಲರ ಅನುಮಾನ ನೇರವಾಗಿ ನೀರಿನ ಮೇಲೆ. ಡಿಸ್ಕೇಲಿಂಗ್ ಮಾಡಿಸುತ್ತಾರೆ, ಆಸಿಡ್ ಓಡಿಸುತ್ತಾರೆ, ಅಪ್ರೋಚ್ ಮಾತ್ರ ಇಳಿಯುವುದಿಲ್ಲ.

ಎರಡನ್ನೂ ಬೇರೆ ಮಾಡಲು ಒಂದು ಥರ್ಮಾಮೀಟರ್ ಸಾಕು. ಯಂತ್ರ ಒಂದೇ ಲೋಡ್‌ನಲ್ಲಿ ಓಡುತ್ತಿರುವಾಗ ಕಂಡೆನ್ಸರ್‌ನಿಂದ ಇಳಿಯುವ ಲಿಕ್ವಿಡ್ ಲೈನ್‌ನ ಟೆಂಪರೇಚರ್ ತೆಗೆಯಿರಿ. ಸೆನ್ಸರನ್ನು ಪೈಪಿಗೆ ಕಟ್ಟಿ ಮೇಲೆ ಇನ್ಸುಲೇಶನ್ ಸುತ್ತಿ, ಹತ್ತು ನಿಮಿಷ ಬಿಡಿ. ಅದೇ ಹೊತ್ತಿಗೆ ಕಂಡೆನ್ಸರ್ ಪ್ರೆಶರ್ ಓದಿ, ಅಬ್ಸೊಲ್ಯೂಟ್ ಮಾಡಿ, ಪಟ್ಟಿಯಿಂದ ಟೆಂಪರೇಚರ್ ತೆಗೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದು ಅಪ್ರೋಚ್ ಮಾತ್ರ ಹೆಚ್ಚಿದ್ದರೆ ಸ್ಕೇಲ್. ಪ್ರೆಶರ್‌ನಿಂದ ಬಂದ ಅಂಕಿ ದ್ರವದ ಅಂಕಿಗಿಂತ 2 ಡಿಗ್ರಿಗೂ ಹೆಚ್ಚು ಮೇಲಿದ್ದರೆ ಗಾಳಿ. ಉದಾಹರಣೆಗೆ ಪ್ರೆಶರ್ 155 ಕಿಲೋಪಾಸ್ಕಲ್ ಅಂದರೆ 40 ಡಿಗ್ರಿ, ದ್ರವ 36.5 ಡಿಗ್ರಿ ಎಂದಿಟ್ಟುಕೊಳ್ಳಿ. 36.5ಕ್ಕೆ ಇರಬೇಕಾದದ್ದು 138. ಉಳಿದ 17 ಕಿಲೋಪಾಸ್ಕಲ್ ಗಾಳಿಯ ಪಾಲು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಪರ್ಜ್ ಯೂನಿಟ್ಟೇ ಲೀಕ್ ಆಗುತ್ತಿರಬಹುದು. ಅದರ ಎಕ್ಸಾಸ್ಟ್ ಸೊಲೆನಾಯ್ಡ್ ಸರಿಯಾಗಿ ಕೂರದಿದ್ದರೆ ಪಂಪ್ ನಿಂತ ಮೇಲೆ ಅಲ್ಲಿಂದಲೇ ಗಾಳಿ ವಾಪಸ್ ಬರುತ್ತದೆ. ಪರ್ಜ್‌ನ ಎರಡೂ ಐಸೊಲೇಶನ್ ವಾಲ್ವ್ ಮುಚ್ಚಿ ಒಂದು ದಿನ ಓಡಿಸಿ, ಮೇಲಿನ ಲೆಕ್ಕವನ್ನು ಬೆಳಿಗ್ಗೆ-ಸಂಜೆ ತೆಗೆಯಿರಿ. ಕಂಡೆನ್ಸರ್‌ನಲ್ಲಿ ಗಾಳಿ ಹೆಚ್ಚದಿದ್ದರೆ ಕಳ್ಳ ಪರ್ಜ್‌ನಲ್ಲೇ ಇದ್ದಾನೆ, ದೊಡ್ಡ ಯಂತ್ರ ಬಿಚ್ಚುವ ಅಗತ್ಯವಿಲ್ಲ.

ಬಿಸಿ ಮಾಡಿ ಪ್ರೆಶರ್ ಏರಿಸುವುದು

ವ್ಯಾಕ್ಯೂಮ್‌ನಲ್ಲಿರುವ ಯಂತ್ರದ ಮೇಲೆ ಲೀಕ್ ಡಿಟೆಕ್ಟರ್ ಆಡಿಸಿ ಪ್ರಯೋಜನವಿಲ್ಲ, ಹೊರಗೆ ಬರುವುದೇ ಏನೂ ಇಲ್ಲವಲ್ಲ. ಗ್ಯಾಸನ್ನು ಬೆಚ್ಚಗೆ ಮಾಡಿ ಒಳಗಿನ ಪ್ರೆಶರ್ ಹೊರಗಿಗಿಂತ ಮೇಲೆ ತರಬೇಕು. ಮಿತಿ ಗಟ್ಟಿಯಾಗಿ ನೆನಪಿರಲಿ: ಗುರಿ 8 ಪಿಎಸ್‌ಐ, 10 ದಾಟಲೇಬಾರದು. ಇಂಥ ಬಹುತೇಕ ಯಂತ್ರಗಳ ರಪ್ಚರ್ ಡಿಸ್ಕ್ (ಪ್ರೆಶರ್ ಮಿತಿ ಮೀರಿದರೆ ಒಡೆದು ಶೆಲ್ ಉಳಿಸುವ ತೆಳು ತಟ್ಟೆ) 15 ಪಿಎಸ್‌ಐಗೆ ಒಡೆಯುತ್ತದೆ, ಹಳೆಯದಾಗಿ ದಣಿದ ಡಿಸ್ಕ್ ಅದಕ್ಕೂ ಮೊದಲೇ. ಡಿಸ್ಕ್ ಒಡೆದರೆ ಗ್ಯಾಸ್ ಚಾವಣಿಯ ವೆಂಟ್‌ನಿಂದ ಆಕಾಶಕ್ಕೆ.

ಆರ್-123ಕ್ಕೆ ಬೆಂಗಳೂರಿನಲ್ಲಿ 8 ಪಿಎಸ್‌ಐ ಬರುವುದು ಸುಮಾರು 38 ಡಿಗ್ರಿಗೆ, 10 ಬರುವುದು 41ಕ್ಕೆ. ಸಮುದ್ರಮಟ್ಟದ ಪುಸ್ತಕದಲ್ಲಿ 10ಕ್ಕೆ 43 ಎಂದಿರುತ್ತದೆ. ಅದನ್ನು ನಂಬಿ 43ಕ್ಕೆ ಥರ್ಮೋಸ್ಟಾಟ್ ಇಟ್ಟರೆ ಮಿತಿ ಮೀರುತ್ತೀರಿ. ಆರ್-1233ಝಡ್‌ಡಿ ಆದರೆ 30 ಡಿಗ್ರಿ ದಾಟುತ್ತಿದ್ದಂತೆ 9-10 ಪಿಎಸ್‌ಐ ಮುಟ್ಟುತ್ತದೆ. ಏಪ್ರಿಲ್ ಮಧ್ಯಾಹ್ನ ಹೀಟರೇ ಬೇಕಾಗುವುದಿಲ್ಲ.

ಕೆಲಸ ಹೀಗೆ ಸಾಗಲಿ. ಯಂತ್ರ ನಿಲ್ಲಿಸಿ ಮೇನ್ ಬ್ರೇಕರ್‌ಗೆ ಬೀಗ ಹಾಕಿ, ಟ್ಯಾಗ್ ಕಟ್ಟಿ. ಪರ್ಜ್ ಆಫ್ ಮಾಡಿ, ಇಲ್ಲದಿದ್ದರೆ ಅದು ನೀವು ಏರಿಸಿದ ಪ್ರೆಶರನ್ನು ಗಾಳಿ ಎಂದುಕೊಂಡು ಹೊರಹಾಕಲು ನೋಡುತ್ತದೆ. ಆಯಿಲ್ ಹೀಟರ್ ಮಾತ್ರ ಆನ್ ಇರಲಿ. ಚಿಲ್ಡ್ ವಾಟರ್ ಮತ್ತು ಕಂಡೆನ್ಸರ್ ವಾಟರ್ ಎರಡರ ಐಸೊಲೇಶನ್ ವಾಲ್ವ್ ಮುಚ್ಚಿ. ಇವಾಪೊರೇಟರ್ ವಾಟರ್ ಬಾಕ್ಸ್‌ನ ಡ್ರೈನ್ ಮತ್ತು ವೆಂಟ್ ನಡುವೆ ಸಣ್ಣ ಪಂಪ್, ಹೀಟರ್ ಜೋಡಿಸಿ ಬಿಸಿ ನೀರು ಸುತ್ತಿಸಿ. ಮುಚ್ಚಿದ ನೀರು ಬಿಸಿಯಾದರೆ ಹಿಗ್ಗಿ ಗ್ಯಾಸ್ಕೆಟ್ ಒಡೆಯುತ್ತದೆ, ಹಾಗಾಗಿ ಆ ಲೂಪ್‌ಗೆ ತೆರೆದ ತೊಟ್ಟಿಯೋ ರಿಲೀಫ್ ವಾಲ್ವೋ ಇರಲೇಬೇಕು. ನೀರು 45 ಡಿಗ್ರಿ ಮೀರದಿರಲಿ. ಶೆಲ್‌ಗೆ ಸುತ್ತುವ ಹೀಟರ್ ಬ್ಲಾಂಕೆಟ್ ಇದ್ದರೆ ಅದೂ ಸರಿ. ಹಬೆ, ಬ್ಲೋ ಲ್ಯಾಂಪ್ ಯಾವುದೂ ಬೇಡ. ಪ್ರೆಶರ್ ಸ್ವಿಚ್ ಒಂದನ್ನು 8 ಪಿಎಸ್‌ಐಗೆ ಇಟ್ಟು ಹೀಟರ್‌ನ ಕಾಂಟ್ಯಾಕ್ಟರ್‌ಗೆ ಸರಣಿಯಲ್ಲಿ ಹಾಕಿದರೆ ರಾತ್ರಿ ಯಾರಾದರೂ ತೂಕಡಿಸಿದರೂ ಡಿಸ್ಕ್ ಉಳಿಯುತ್ತದೆ.

ಎಷ್ಟು ಹೊತ್ತು? 600 ಕಿಲೋ ಗ್ಯಾಸ್, 8 ಟನ್ ಉಕ್ಕು-ತಾಮ್ರ, 1000 ಲೀಟರ್ ನೀರು ಇರುವ ಯಂತ್ರವನ್ನು 15 ಡಿಗ್ರಿ ಏರಿಸಲು ಸುಮಾರು 35 ಯೂನಿಟ್ ಶಾಖ ಬೇಕು. 9 ಕಿಲೋವ್ಯಾಟ್ ಹೀಟರ್ ಆದರೆ ನಾಲ್ಕು ಗಂಟೆ, ಸುತ್ತ ಸೋರುವ ಶಾಖ ಸೇರಿ ಐದಾರು. ಪ್ರೆಶರನ್ನು ನಿರ್ಧರಿಸುವುದು ಯಂತ್ರದ ಅತಿ ತಣ್ಣನೆಯ ಭಾಗ. ಇವಾಪೊರೇಟರ್ ಬಿಸಿಯಾದರೂ ಕಂಡೆನ್ಸರ್ ತಣ್ಣಗಿದ್ದರೆ ಆವಿ ಅಲ್ಲಿ ಹೋಗಿ ದ್ರವವಾಗುತ್ತಿರುತ್ತದೆ, ಗೇಜ್ ಅಲುಗುವುದಿಲ್ಲ. ಆ ಹೊತ್ತಿನಲ್ಲಿ ಸಹನೆ ಕೆಟ್ಟು ನೈಟ್ರೋಜನ್ ಸಿಲಿಂಡರ್ ಕಡೆ ಕೈ ಹೋಗಬಾರದು. ಚಾರ್ಜ್ ಇರುವ ಯಂತ್ರಕ್ಕೆ ನೈಟ್ರೋಜನ್ ಹಾಕಿದರೆ ಅದಷ್ಟನ್ನೂ ಆಮೇಲೆ ಪರ್ಜ್ ಮೂಲಕವೇ ತೆಗೆಯಬೇಕು, ಜೊತೆಗೆ ಗ್ಯಾಸೂ ಹೋಗುತ್ತದೆ. ಕಂಪ್ರೆಸ್ಡ್ ಏರ್ ಅಥವಾ ಆಕ್ಸಿಜನ್ ಎಂದಿಗೂ ಕೂಡದು. ಆಕ್ಸಿಜನ್ ಎಣ್ಣೆಗೆ ತಗುಲಿದರೆ ಸ್ಫೋಟವಾಗುತ್ತದೆ.

ಗ್ಯಾಸ್ ಪೂರ್ತಿ ತೆಗೆದ ಖಾಲಿ ಶೆಲ್ ಆದರೆ ಡ್ರೈ ನೈಟ್ರೋಜನ್ನೇ ಸರಿ. ಸಿಲಿಂಡರ್‌ಗೆ ಎರಡು ಹಂತದ ರೆಗ್ಯುಲೇಟರ್, ಮುಂದೆ 10 ಪಿಎಸ್‌ಐ ರಿಲೀಫ್ ವಾಲ್ವ್ ಕಡ್ಡಾಯ. 4 ಘನ ಮೀಟರ್ ಶೆಲ್ಲನ್ನು ವ್ಯಾಕ್ಯೂಮ್‌ನಿಂದ 8 ಪಿಎಸ್‌ಐಗೆ ತರಲು ಸುಮಾರು ಆರೂವರೆ ಘನ ಮೀಟರ್ ಬೇಕು, ಅಂದರೆ 7 ಘನ ಮೀಟರ್‌ನ ಒಂದು ಸಿಲಿಂಡರ್ ಹತ್ತಿರ ಹತ್ತಿರ ಖಾಲಿ. ನೈಟ್ರೋಜನ್ನನ್ನು ಡಿಟೆಕ್ಟರ್ ಹಿಡಿಯುವುದಿಲ್ಲವಾದ್ದರಿಂದ 95 ಭಾಗ ನೈಟ್ರೋಜನ್, 5 ಭಾಗ ಹೈಡ್ರೋಜನ್ ಬೆರೆಸಿ ಬರುವ ಸಿಲಿಂಡರ್ ಮತ್ತು ಹೈಡ್ರೋಜನ್ ಸ್ನಿಫರ್ ಬಳಸಬಹುದು. ಆ ಅನುಪಾತದಲ್ಲಿ ಬೆಂಕಿಯ ಭಯವಿಲ್ಲ.

ರೂಮಿನ ಗಾಳಿ, ಉಸಿರಿನ ಗಾಳಿ

ಆರ್-123 ಮತ್ತು ಆರ್-514ಎ ಎರಡೂ ಬಿ1 ವರ್ಗದವು, ಅಂದರೆ ವಿಷ ಹೆಚ್ಚಿರುವ ದರ್ಜೆ. ಆರ್-123ಕ್ಕೆ ತಯಾರಕರು ಹೇಳುವ ದಿನದ ಮಿತಿ 50 ಪಿಪಿಎಂ. ಇದರ ಆವಿ ಗಾಳಿಗಿಂತ ಐದು ಪಟ್ಟು ಭಾರ, ಕೇಬಲ್ ಟ್ರೆಂಚ್ ಮತ್ತು ಸಂಪ್ ಗುಂಡಿಗಳಲ್ಲಿ ನೀರಿನಂತೆ ನಿಲ್ಲುತ್ತದೆ. ಬಗ್ಗಿ ಟ್ರೆಂಚ್ ನೋಡುವವನಿಗೆ ತಲೆ ಸುತ್ತುವ ಮೊದಲು ಗೊತ್ತಾಗುವುದೇ ಇಲ್ಲ. ರೂಮಿನ ರೆಫ್ರಿಜರೆಂಟ್ ಮಾನಿಟರ್ ಕೆಲಸ ಮಾಡುತ್ತಿರಬೇಕು, ಒಬ್ಬರೇ ಒಳಗಿರಬಾರದು, ವೆಲ್ಡಿಂಗ್ ಅಥವಾ ಬೀಡಿ-ಸಿಗರೇಟು ಹತ್ತಿರ ಸುಳಿಯಬಾರದು. ಜ್ವಾಲೆಗೆ ಸಿಕ್ಕ ಗ್ಯಾಸ್ ಆಸಿಡ್ ಹೊಗೆಯಾಗುತ್ತದೆ. ಹಳೆಯ ಹ್ಯಾಲೈಡ್ ಟಾರ್ಚ್ ಇನ್ನೂ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಅಲ್ಲೇ ಇರಲಿ. ವ್ಯಾಕ್ಯೂಮ್ ಯಂತ್ರದ ಸುತ್ತ ಊದುಬತ್ತಿ ಹೊಗೆ ಹಿಡಿದು ಲೀಕ್ ನೋಡುವ ಪದ್ಧತಿಯೂ ಇದೆ. ಬೆರಳು ತೂರುವಷ್ಟು ದೊಡ್ಡ ತೂತಾದರೆ ಅದು ತೋರಿಸಬಹುದು, ಆದರೆ ಅಷ್ಟು ದೊಡ್ಡ ತೂತಿಗೆ ಊದುಬತ್ತಿ ಬೇಕಿಲ್ಲ.

ಹುಡುಕಾಟ

ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಿಸಿ ರೂಮಿನ ಹಿನ್ನೆಲೆ ಗ್ಯಾಸ್ ತೊಳೆದುಹೋಗಲಿ, ನಂತರ ಗಾಳಿ ಅಲುಗದಂತೆ ಫ್ಯಾನ್ ನಿಲ್ಲಿಸಿ. ಮಾನಿಟರ್ ಅಲಾರಂ ಬಂದರೆ ಅದು ತಾನಾಗಿ ಆನ್ ಆಗುವಂತಿರಲಿ. ಡಿಟೆಕ್ಟರ್ ನಿಮ್ಮ ಗ್ಯಾಸಿಗೆ ಹೊಂದುತ್ತದೆಯೇ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಆರ್-22, ಆರ್-134ಎಗೆ ಚೆನ್ನಾಗಿರುವ ಉಪಕರಣ ಆರ್-1233ಝಡ್‌ಡಿಗೆ ಮಂದವಾಗಿರಬಹುದು. ವರ್ಷಕ್ಕೆ 3 ಗ್ರಾಂ ಲೀಕ್ ಹಿಡಿಯುವ ಹೀಟೆಡ್ ಡಯೋಡ್ ಅಥವಾ ಇನ್‌ಫ್ರಾರೆಡ್ ಮಾದರಿ ಸಾಕು. ಶುರು ಮಾಡುವ ಮೊದಲು ಟೆಸ್ಟ್ ಬಾಟಲಿಗೆ ಹಿಡಿದು ಕೂಗುತ್ತದೆಯೇ ನೋಡಿ, ಪ್ರತಿ ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ.

ಪ್ರೋಬ್ ತುದಿ ಲೋಹದಿಂದ 5 ಮಿಲಿಮೀಟರ್ ದೂರದಲ್ಲಿ, ಸೆಕೆಂಡಿಗೆ 25 ಮಿಲಿಮೀಟರ್‌ಗಿಂತ ನಿಧಾನವಾಗಿ ಸಾಗಬೇಕು. ಅವಸರದ ಕೈಗೆ ಸಣ್ಣ ಲೀಕ್ ಸಿಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಬನ್ನಿ. ಗ್ಯಾಸ್ ಕೆಳಗೆ ಇಳಿಯುವುದರಿಂದ ಪ್ರತಿ ಜಾಯಿಂಟ್‌ನ ತಳಭಾಗದಲ್ಲಿ ಪ್ರೋಬ್ ಹಿಡಿಯಿರಿ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಲೀಕ್ ಇಳಿದುಬಂದು ಕೆಳಗಿನ ಒಳ್ಳೆಯ ಫ್ಲ್ಯಾಂಜ್‌ಗಳ ಮೇಲೆಲ್ಲ ಅಪವಾದ ಹೊರಿಸುತ್ತದೆ. ಹೈಡ್ರೋಜನ್ ಮಿಶ್ರಣದಲ್ಲಿ ಇದು ಪೂರಾ ತಲೆಕೆಳಗು: ಅದು ಮೇಲೇರುತ್ತದೆ, ಪ್ರೋಬ್ ಜಾಯಿಂಟ್ ಮೇಲೆ ಇರಬೇಕು, ಹುಡುಕಾಟ ಕೆಳಗಿನಿಂದ ಶುರುವಾಗಬೇಕು.

ಎಲ್ಲಿ ಮೊದಲು ನೋಡಬೇಕು? ರಪ್ಚರ್ ಡಿಸ್ಕ್. ಚಾವಣಿಗೆ ಹೋಗುವ ವೆಂಟ್ ಪೈಪಿನ ತುದಿಗೆ ಮಳೆ ಮುಚ್ಚಳ ಇಲ್ಲದಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೂ ನೀರು ಇಳಿದು ಡಿಸ್ಕ್ ಮೇಲೆ ನಿಲ್ಲುತ್ತದೆ, ಡಿಸ್ಕ್ ಕೊರೆಯುತ್ತದೆ. ಪೈಪಿನ ಕೆಳಗೆ ಡ್ರಿಪ್ ಲೆಗ್ ವಾಲ್ವ್ ಇರುತ್ತದೆ. ಅದನ್ನು ನಿಧಾನವಾಗಿ ತೆರೆದು ಒಂದು ಗ್ಲಾಸ್ ಲೋಟ ಹಿಡಿಯಿರಿ. ಎರಡು ಪದರ ಕಂಡರೆ ಮೇಲಿನದು ಮಳೆ ನೀರು, ಕೆಳಗಿನದು ಡಿಸ್ಕ್ ಮೂಲಕ ಸೋರಿ ತಣಿದ ಆರ್-123, ಏಕೆಂದರೆ ಅದು ನೀರಿಗಿಂತ ಒಂದೂವರೆ ಪಟ್ಟಿನಷ್ಟು ಭಾರ. ನಂತರ ಪ್ರೋಬನ್ನು ಆ ವಾಲ್ವ್ ಒಳಗಿಟ್ಟು ಐದು ನಿಮಿಷ ಬಿಡಿ.

ಆಮೇಲೆ ಕಂಪ್ರೆಸರ್. ಇನ್‌ಲೆಟ್ ಗೈಡ್ ವೇನ್‌ನ (ಕಂಪ್ರೆಸರ್‌ಗೆ ಹೋಗುವ ಆವಿಯನ್ನು ಹೆಚ್ಚು-ಕಡಿಮೆ ಮಾಡುವ ರೆಕ್ಕೆಗಳು) ಶಾಫ್ಟ್ ಹೊರಬರುವ ಜಾಗದಲ್ಲಿ ಓ-ರಿಂಗ್ ಸವೆದಿರುತ್ತದೆ. ವೇನ್ ಪೂರ್ತಿ ಮುಚ್ಚಿ ಒಮ್ಮೆ, ಪೂರ್ತಿ ತೆರೆದು ಒಮ್ಮೆ ನೋಡಬೇಕು, ಒಂದೇ ಸ್ಥಾನದಲ್ಲಿ ಸುಮ್ಮನಿದ್ದು ಇನ್ನೊಂದರಲ್ಲಿ ಲೀಕ್ ಆಗುವುದು ಇದರ ಗುಣ. ಸಕ್ಷನ್ ಎಲ್ಬೋ ಫ್ಲ್ಯಾಂಜ್, ವೊಲ್ಯೂಟ್ ಗ್ಯಾಸ್ಕೆಟ್, ಓಪನ್ ಡ್ರೈವ್ ಆದರೆ ಶಾಫ್ಟ್ ಸೀಲ್. ಹರ್ಮೆಟಿಕ್ (ಗ್ಯಾಸ್ ಇರುವ ಶೆಲ್ ಒಳಗೇ ಮುಚ್ಚಿದ) ಮೋಟಾರ್‌ನ ಟರ್ಮಿನಲ್ ಬಾಕ್ಸ್‌ನಲ್ಲಿ ಬುಶಿಂಗ್‌ಗಳ ಬುಡ. ಬಾಕ್ಸ್ ಮುಚ್ಚಳ ತೆಗೆದ ತಕ್ಷಣ ಪ್ರೋಬ್ ಇಡಿ, ಒಳಗೆ ಶೇಖರವಾದ ಗ್ಯಾಸ್ ಮೊದಲ ಕ್ಷಣದಲ್ಲೇ ಸುಳಿವು ಕೊಡುತ್ತದೆ. ಬುಶಿಂಗ್ ನಟ್ಟನ್ನು ತಯಾರಕರ ಟಾರ್ಕ್ ಮೀರಿ ಬಿಗಿದರೆ ಪಿಂಗಾಣಿ ಬಿರಿದು ಸಣ್ಣ ಲೀಕ್ ದೊಡ್ಡದಾಗುತ್ತದೆ.

ಇನ್ನು ಸಣ್ಣಪುಟ್ಟವು: ಪರ್ಜ್ ಲೈನ್‌ನ ಫ್ಲೇರ್ ನಟ್‌ಗಳು, ಗೇಜ್ ಕಾಪಿಲರಿ, ಕ್ಯಾಪ್ ಇಲ್ಲದ ಶ್ರೇಡರ್ ವಾಲ್ವ್, ಸೈಟ್ ಗ್ಲಾಸ್ ಗ್ಯಾಸ್ಕೆಟ್, ಆಯಿಲ್ ಸಂಪ್ ಹೀಟರ್‌ನ ಎಳೆ, ಆಯಿಲ್ ಫಿಲ್ಟರ್ ಮುಚ್ಚಳ, ಸೆನ್ಸರ್ ವೆಲ್, ಎಕನಮೈಜರ್ ಕವರ್, ಚಾರ್ಜಿಂಗ್ ವಾಲ್ವ್‌ನ ಸ್ಟೆಮ್ ಪ್ಯಾಕಿಂಗ್. ದೊಡ್ಡ ಫ್ಲ್ಯಾಂಜ್‌ಗಿಂತ ಈ ಕಾಲಿಂಚು ಫಿಟ್ಟಿಂಗ್‌ಗಳಲ್ಲೇ ಹೆಚ್ಚು ಲೀಕ್ ಸಿಗುತ್ತವೆ. ಕಂಪನ ಅಲ್ಲೇ ಹೆಚ್ಚು, ಗಮನ ಅಲ್ಲೇ ಕಡಿಮೆ.

ಅನುಮಾನವಿರುವ ಫ್ಲ್ಯಾಂಜ್‌ನ ಸಂದಿಗೆ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ತಳದಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಿ. ಇಪ್ಪತ್ತು ನಿಮಿಷ ಬಿಟ್ಟು ಆ ತೂತಿಗೆ ಪ್ರೋಬ್ ಹಿಡಿದರೆ ಬರಿಗೈ ಹುಡುಕಾಟಕ್ಕೆ ಸಿಗದ ಲೀಕ್ ಸಿಗುತ್ತದೆ. ಇನ್ಸುಲೇಶನ್ ಇರುವ ಕಡೆ ಗ್ಯಾಸ್ ಒಳಗೇ ಹರಿದು ಎಲ್ಲೋ ಹೊರಬರುತ್ತದೆ. ಜಾಯಿಂಟ್ ಮೇಲಿನ ತುಂಡು ಕತ್ತರಿಸಿ ತೆಗೆಯುವುದೇ ಸರಿ. ಹೊಸದಾಗಿ ಹಚ್ಚಿದ ಇನ್ಸುಲೇಶನ್ ಗಮ್, ಪೇಂಟ್, ಕ್ಲೀನಿಂಗ್ ಸಾಲ್ವೆಂಟ್ ಕೂಡ ಡಿಟೆಕ್ಟರನ್ನು ಕೂಗಿಸುತ್ತವೆ. ಹಾಗಾಗಿ ಕೂಗಿದ ಜಾಗವನ್ನು ಒರೆಸಿ, ರಟ್ಟಿನಿಂದ ಬೀಸಿ, ಎರಡನೇ ಸಲವೂ ಕೂಗಿದರೆ ಮಾತ್ರ ಪೇಂಟ್ ಮಾರ್ಕರ್‌ನಲ್ಲಿ ಗುರುತು ಹಾಕಿ. ಕೊನೆಗೆ ಸೋಪು ನೀರು. ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಸ್ವಲ್ಪ ಗ್ಲಿಸರಿನ್ ಬೆರೆಸಿದರೆ ಬೇಗ ಒಣಗದೆ ಸಣ್ಣ ಗುಳ್ಳೆ ನಿಲ್ಲುತ್ತದೆ. ಒಂದು ಲೀಕ್ ಸಿಕ್ಕಿತೆಂದು ನಿಲ್ಲಿಸಬೇಡಿ, ಸುತ್ತು ಪೂರ್ತಿ ಮಾಡಿ.

ಕೆಲವು ಓ-ರಿಂಗ್‌ಗಳು ಒಳಗಿನಿಂದ ಪ್ರೆಶರ್ ಬಂದಾಗ ಕೂತು ಸೀಲ್ ಆಗುತ್ತವೆ, ವ್ಯಾಕ್ಯೂಮ್‌ನಲ್ಲಿ ಸರಿದು ಗಾಳಿ ಬಿಡುತ್ತವೆ. ಪ್ರೆಶರ್ ಹಾಕಿದಾಗ ಏನೂ ಸಿಗದೆ, ಯಂತ್ರ ಓಡಿದಾಗ ಪರ್ಜ್ ನಿಮಿಷಗಳು ಹಾಗೇ ಇದ್ದರೆ ಇಂಥದ್ದನ್ನು ಶಂಕಿಸಿ. ಓಡುವ ಯಂತ್ರದಲ್ಲಿ ಒಂದೊಂದೇ ಜಾಯಿಂಟ್‌ಗೆ ಸೀಲಿಂಗ್ ಪುಟ್ಟಿ ಮೆತ್ತಿ ಒಂದು ದಿನದ ಪರ್ಜ್ ಅಂಕಿ ನೋಡುವುದು ನಿಧಾನದ ದಾರಿ, ಆದರೆ ತಪ್ಪದ ದಾರಿ. ಅಲ್ಟ್ರಾಸೋನಿಕ್ ಉಪಕರಣ ಇಲ್ಲಿ ಅಷ್ಟಾಗಿ ನೆರವಾಗದು. ಒಳಗೆ ನುಗ್ಗುವ ಗಾಳಿಯ ಸದ್ದು ಹೆಚ್ಚಾಗಿ ಶೆಲ್ ಒಳಗೇ ಉಳಿಯುತ್ತದೆ, ಪಕ್ಕದ ಚಿಲ್ಲರ್ ಓಡುತ್ತಿದ್ದರಂತೂ ಏನೂ ಕೇಳಿಸದು.

ಟ್ಯೂಬ್ ಲೀಕ್

ಹೊರಗೆಲ್ಲೂ ಸಿಗಲಿಲ್ಲವೆಂದರೆ ಟ್ಯೂಬ್ ನೋಡಬೇಕು. ಈ ಯಂತ್ರಗಳಲ್ಲಿ ಎರಡೂ ಶೆಲ್‌ಗಳಲ್ಲಿ ನೀರಿನ ಪ್ರೆಶರ್ ಗ್ಯಾಸಿಗಿಂತ ಹೆಚ್ಚು. ಹತ್ತು ಮೀಟರ್ ಎತ್ತರದ ನೀರಿನ ಕಂಬವೇ 14 ಪಿಎಸ್‌ಐ ಕೊಡುತ್ತದೆ. ಆದ್ದರಿಂದ ಟ್ಯೂಬ್ ತೂತಾದರೆ ನೀರು ಗ್ಯಾಸಿನೊಳಗೆ ನುಗ್ಗುತ್ತದೆ. ಇವಾಪೊರೇಟರ್ ಸೈಟ್ ಗ್ಲಾಸ್‌ನಲ್ಲಿ ದ್ರವದ ಮೇಲೆ ತೇಲುವ ಇನ್ನೊಂದು ಪದರ, ಹಾಲಿನಂತಾದ ಎಣ್ಣೆ, ಪರ್ಜ್‌ನ ತೇವ ಸೂಚಕ ಬಣ್ಣ ಬದಲಿಸಿರುವುದು, ಡ್ರೈಯರ್ ಬದಲಿಸಿದ ವಾರದಲ್ಲೇ ಮತ್ತೆ ತುಂಬಿರುವುದು ಇದರ ಗುರುತುಗಳು. ಇವು ಕಂಡ ದಿನವೇ ಯಂತ್ರ ನಿಲ್ಲಿಸಿ ಎರಡೂ ಕಡೆಯ ನೀರು ಖಾಲಿ ಮಾಡಿ.

ನೀರು ಇಳಿಸಿದ ಮೇಲೆ ಶೆಲ್ಲನ್ನು 8 ಪಿಎಸ್‌ಐಗೆ ತಂದು, ವಾಟರ್ ಬಾಕ್ಸ್ ಡ್ರೈನ್‌ನಲ್ಲಿ ಪ್ರೋಬ್ ಇಡಿ. ಕೂಗಿದರೆ ಆ ಶೆಲ್‌ನ ಕವರ್ ತೆಗೆದು, ಟ್ಯೂಬ್‌ಗಳನ್ನು ಬ್ಲೋವರ್‌ನಿಂದ ಒಣಗಿಸಿ, ಪ್ರತಿ ಟ್ಯೂಬಿನ ಎರಡೂ ತುದಿಗೆ ರಬ್ಬರ್ ಕಾರ್ಕ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಕಾರ್ಕ್ ಹಾರಿಬಿದ್ದ ಅಥವಾ ಕಾರ್ಕ್ ಸರಿಸಿದಾಗ ಡಿಟೆಕ್ಟರ್ ಕೂಗುವ ಟ್ಯೂಬೇ ಆರೋಪಿ. ಸಾಲು-ಕಂಬ ಸಂಖ್ಯೆ ಬರೆದಿಡಿ. ಟ್ಯೂಬ್ ಶೀಟ್‌ನ ರೋಲ್ಡ್ ಜಾಯಿಂಟ್‌ಗೆ ಸೋಪು ನೀರು ಸಾಕು. ಒಂದೆರಡು ಟ್ಯೂಬ್ ಆದರೆ ಪ್ಲಗ್ ಹಾಕಿ ಮುಂದುವರಿಯಬಹುದು. ಆದರೆ ಸ್ಕೇಲ್ ಅಡಿಯಲ್ಲಿ ಕೊರೆತವಿದ್ದರೆ, ಇನ್‌ಹಿಬಿಟರ್ ಇಲ್ಲದೆ ಆಸಿಡ್ ಓಡಿಸಿದ ಇತಿಹಾಸವಿದ್ದರೆ, ಒಂದರ ಹಿಂದೆ ಹತ್ತು ಕಾದಿರುತ್ತವೆ. ಎಡ್ಡಿ ಕರೆಂಟ್ ಟೆಸ್ಟ್ (ಟ್ಯೂಬ್ ಗೋಡೆಯ ಸವೆತ ಪತ್ತೆಮಾಡುವ ಪರೀಕ್ಷೆ) ಮಾಡಿಸಿಯೇ ನಿರ್ಧರಿಸಿ.

ವ್ಯಾಕ್ಯೂಮ್ ನಿಲ್ಲುವ ಪರೀಕ್ಷೆ

ಶೆಲ್ ತೆರೆದು ರಿಪೇರಿ ಮಾಡಿದ್ದರೆ ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಹಿಡಿದು ನೋಡಬೇಕು. ಅಬ್ಸೊಲ್ಯೂಟ್ ಓದುವ ಡಿಜಿಟಲ್ ಗೇಜ್‌ನಲ್ಲಿ ಪಾದರಸದ 1 ಮಿಲಿಮೀಟರ್, ಅಂದರೆ 1000 ಮೈಕ್ರಾನ್‌ಗೆ ಇಳಿಸಿ, ಪಂಪ್ ಕಡೆಯ ವಾಲ್ವ್ ಮುಚ್ಚಿ. ಸೂಜಿ ಗೇಜ್ ಇಲ್ಲಿ ಉಪಯೋಗವಿಲ್ಲ, ಬೆಂಗಳೂರಿನಲ್ಲಿ ಪರಿಪೂರ್ಣ ವ್ಯಾಕ್ಯೂಮ್‌ಗೂ ಅದು 27 ಇಂಚು ದಾಟುವುದಿಲ್ಲ. ಸಾಮಾನ್ಯ ನಿಯಮ: ಹಿಡಿದಿಟ್ಟ ಅವಧಿಯಲ್ಲಿ 1 ಮಿಲಿಮೀಟರ್‌ನಿಂದ 2.5 ದಾಟಿದರೆ ಮತ್ತೆ ಲೀಕ್ ಹುಡುಕಬೇಕು. 4 ಘನ ಮೀಟರ್ ಶೆಲ್‌ನಲ್ಲಿ ದಿನಕ್ಕೆ ಒಂದೂವರೆ ಮಿಲಿಮೀಟರ್ ಏರಿಕೆ ಎಂದರೆ ಸುಮಾರು 9 ಲೀಟರ್ ಗಾಳಿ ಒಳಬಂದಂತೆ.

ಗಂಟೆಗೊಮ್ಮೆ ಅಂಕಿ ಬರೆದು ಗ್ರಾಫ್ ಹಾಕಿ. ಗೆರೆ ನೇರವಾಗಿ ಏರುತ್ತಲೇ ಇದ್ದರೆ ಲೀಕ್. ಮೊದಲು ಬೇಗ ಏರಿ ನಂತರ ಮಟ್ಟಸವಾದರೆ ಒಳಗೆ ನೀರು ಉಳಿದಿದೆ. 25 ಡಿಗ್ರಿಯಲ್ಲಿ ನೀರಿನ ಆವಿ ಸುಮಾರು 24 ಮಿಲಿಮೀಟರ್‌ವರೆಗೆ ಒಯ್ಯಬಲ್ಲದು. ಆಗ ಶೆಲ್ ಬೆಚ್ಚಗೆ ಮಾಡಿ ಪಂಪ್ ಮುಂದುವರಿಸಿ. ಎರಡು ನಿಷೇಧಗಳಿವೆ. ಆಳ ವ್ಯಾಕ್ಯೂಮ್‌ನಲ್ಲಿರುವ ಹರ್ಮೆಟಿಕ್ ಮೋಟಾರ್‌ಗೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಾಕಬೇಡಿ, ವೈಂಡಿಂಗ್‌ನಲ್ಲಿ ಕಿಡಿ ಹಾರಿ ಇನ್ಸುಲೇಶನ್ ಸುಡುತ್ತದೆ. ಟ್ಯೂಬ್‌ನಲ್ಲಿ ನಿಂತ ನೀರಿರುವಾಗ ಗ್ಯಾಸ್ ಆವಿ ಎಳೆಯಬೇಡಿ, ವಾಪಸ್ ತುಂಬುವಾಗಲೂ ಖಾಲಿ ಶೆಲ್‌ಗೆ ನೇರ ದ್ರವ ಬಿಡಬೇಡಿ. ಶೆಲ್ ಪ್ರೆಶರ್ 33 ಕಿಲೋಪಾಸ್ಕಲ್‌ಗಿಂತ ಕೆಳಗಿರುವವರೆಗೂ ಆರ್-123 ಸೊನ್ನೆ ಡಿಗ್ರಿಗಿಂತ ತಣ್ಣಗಿರುತ್ತದೆ, ನೀರು ಹೆಪ್ಪುಗಟ್ಟಿ ಟ್ಯೂಬ್ ಸೀಳುತ್ತದೆ. ನೀರಿನ ಪಂಪ್ ಓಡಿಸುತ್ತಿರಿ ಅಥವಾ ನೀರು ಪೂರ್ತಿ ಇಳಿಸಿ. ಮೊದಲು ಆವಿ ಬಿಟ್ಟು 33 ದಾಟಿಸಿ, ಆಮೇಲೆ ದ್ರವ.

ಯಂತ್ರ ಶುರುವಾದ ಮೇಲೆ ಪರ್ಜ್ ಒಂದೆರಡು ದಿನ ಹೆಚ್ಚು ಓಡುವುದು ಸಹಜ, ಉಳಿದ ಗಾಳಿ ಹೋಗಬೇಕು. ವಾರದ ಕೊನೆಗೆ ನಿಲ್ಲುವ ಅಂಕಿಯೇ ಹೊಸ ಅಳತೆ, ಅದನ್ನು ತಾರೀಖಿನೊಂದಿಗೆ ಪ್ಯಾನೆಲ್ ಮೇಲೆ ಬರೆಯಿರಿ. ಪರ್ಜ್‌ನ ಡ್ರೈಯರ್ ಬದಲಿಸಿ, ಎಣ್ಣೆಯ ಆಸಿಡ್ ಟೆಸ್ಟ್ ತಿಂಗಳ ನಂತರ ಇನ್ನೊಮ್ಮೆ ಮಾಡಿ. ಸ್ಟ್ಯಾಂಡ್‌ಬೈ ನಿಲ್ಲುವ ಆರ್-123 ಯಂತ್ರಕ್ಕೆ ಶೆಲ್ ಬ್ಲಾಂಕೆಟ್ ಹಾಕಿ 27 ಡಿಗ್ರಿಯಲ್ಲಿ ಇಟ್ಟರೆ ಒಳಗೆ ಸುಮಾರು 1 ಪಿಎಸ್‌ಐ ಪಾಸಿಟಿವ್ ನಿಲ್ಲುತ್ತದೆ, ಗಾಳಿ ಒಳಗೆ ಬರುವುದಿಲ್ಲ. 30 ದಾಟಿಸುವ ಅಗತ್ಯವಿಲ್ಲ. ಅಷ್ಟು ಪ್ರೆಶರ್‌ನಲ್ಲಿ ಉಳಿದುಹೋದ ಸಣ್ಣ ಲೀಕ್‌ಗಳಿಂದ ಗ್ಯಾಸ್ ಹೊರಗೆ ಹೋಗಲು ಶುರುವಾಗುತ್ತದೆ.